ಟೆನ್ನಿಸ್ ಸರಿ, ಮನಸ್ಸೂ ಗಟ್ಟಿ ಮಾಡ್ತಾರಾ? ಪುಣೆಯ ಒಂದು ಕೋಚಿಂಗ್ ಕ್ಲಾಸ್ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಕೋರ್ಟಿನ ಮೇಲೆ ನಡೆಯುವ ಕ್ಲಾಸಿಗೆ ದುಡ್ಡು ಕೊಡಿ. ಅದರ ಜೊತೆ ಮಾರುವ ‘ಮೆಂಟಲ್ ಟಫ್‌ನೆಸ್ ಪ್ಯಾಕೇಜ್’ಗೆ ಕೊಡಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು.

ಉಳಿದವರಿಗೆ ವಿವರ. ಬಾಣೇರ್, ಬಾಲೇವಾಡಿ, ವಾಕಡ್ ಕಡೆಯ ನಮ್ಮ ಕನ್ನಡದವರು ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಇದನ್ನೇ ಕೇಳುತ್ತಾರೆ. ಮಕ್ಕಳನ್ನು ಟೆನ್ನಿಸಿಗೆ ಎಲ್ಲಿ ಹಾಕೋದು, ದೊಡ್ಡವರಿಗೂ ಬ್ಯಾಚ್ ಇದೆಯಾ, ಆಡಿದರೆ ಧೈರ್ಯ ಬರುತ್ತೆ ಅಂತಾರಲ್ಲ ಅದು ನಿಜಾನಾ. ನಾನು ಬೆಳಗಿನ ದೊಡ್ಡವರ ಬ್ಯಾಚಿನಲ್ಲಿ ಆಡುತ್ತೇನೆ, ಮಗಳು ಸಂಜೆ ಜೂನಿಯರ್ ಬ್ಯಾಚಿಗೆ ಹೋಗುತ್ತಾಳೆ, ಹಾಗಾಗಿ ಬೇಲಿಯ ಎರಡೂ ಕಡೆಯಿಂದ ನೋಡಿದ್ದೇನೆ. ಜಾಗದ ಹೆಸರು ಬರೆಯುತ್ತಿಲ್ಲ, ಬೈಯುವುದೂ ಸಾಕಷ್ಟಿದೆ ಅಂತ. ಈ ಕಡೆ ಇಂಥ ಕ್ಲಾಸುಗಳು ಬಹಳ ಇವೆ, ಪ್ಯಾಕೇಜುಗಳೂ ಹೆಚ್ಚುಕಮ್ಮಿ ಒಂದೇ ಥರ. ಎಲ್ಲಿ ಸೇರಿದರೂ ಏನನ್ನು ನೋಡಬೇಕು ಅನ್ನುವುದಕ್ಕಾದರೂ ಇದು ಉಪಯೋಗಕ್ಕೆ ಬರುತ್ತದೆ.

ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರು ಹಾರ್ಡ್ ಕೋರ್ಟ್, ಲೈಟ್ ಚೆನ್ನಾಗಿದೆ, ಬೈಕ್ ನಿಲ್ಲಿಸಲು ಜಾಗ ಇದೆ, ಕಾರಿಗೆ ಇಲ್ಲ. ಟಾಯ್ಲೆಟ್ ಪರವಾಗಿಲ್ಲ. ಬಾಲ್ ಮಾತ್ರ ಸತ್ತು ಹೋಗಿರುತ್ತವೆ, ಫೀಡಿಂಗ್ ಬುಟ್ಟಿಯಲ್ಲಿ (ಕೋಚ್ ಒಂದೊಂದೇ ಬಾಲ್ ತೆಗೆದು ನಮಗೆ ಹೊಡೆಯಲು ಕಳಿಸುವುದೇ ಫೀಡಿಂಗ್) ಅರ್ಧಕ್ಕರ್ಧ ಪುಟಿಯುವುದೇ ಇಲ್ಲ. ರಾಕೆಟ್ ಗಟ್ಟಿಂಗ್, ಅಂದರೆ ತಂತಿ ಕಟ್ಟುವುದು, ಅಲ್ಲೇ ಮಾಡಿಕೊಡುತ್ತಾರೆ, ಹೊರಗಿನ ಅಂಗಡಿಗಿಂತ ರೇಟು ಸ್ವಲ್ಪ ಹೆಚ್ಚು, ಆದರೆ ಮರುದಿನವೇ ಸಿಗುತ್ತದೆ.

ಈಗ ಆ ಪ್ಯಾಕೇಜ್. ತಿಂಗಳ ಫೀಸಿನ ಮೇಲೆ ಇನ್ನೂ ಅರ್ಧದಷ್ಟು ಕಟ್ಟಿದರೆ ಭಾನುವಾರ ಒಂದು ಹಾಲ್‌ನಲ್ಲಿ ಕೂರಿಸಿ ಕ್ಲಾಸ್ ಕೊಡುತ್ತಾರೆ. ಪ್ರೊಜೆಕ್ಟರ್, ನಡಾಲ್ ಮುಷ್ಟಿ ಬಿಗಿದಿರುವ ಫೋಟೋ, ‘ನೀನು ಚಾಂಪಿಯನ್ ಅಂತ ಕಣ್ಮುಚ್ಚಿ ನೋಡಿಕೋ’ ಅನ್ನುವ ಮಾತು. ಒಂದು ಆಪ್ ಕೂಡ ಇದೆ. ದಿನಾ ರಾತ್ರಿ ನಿಮ್ಮ ಮೂಡ್‌ಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಕೇಳುತ್ತದೆ. ಮಗಳು ಒಂದು ವಾರ ಸರಿಯಾಗಿ ತುಂಬಿದಳು. ಆಮೇಲೆ ಎಲ್ಲದಕ್ಕೂ ಏಳು ಒತ್ತಿ ಮಲಗುತ್ತಿದ್ದಳು. ಆ ಹಾಲಿನಲ್ಲಿ ಮಾತಾಡುವವರು ಮಾತಿನಲ್ಲಿ ಜೋರು, ಆದರೆ ಸ್ಪೋರ್ಟ್ಸ್ ಸೈಕಾಲಜಿ ಓದಿದ್ದೀರಾ ಅಂತ ಕೇಳಿದಾಗ ಸಿಕ್ಕಿದ ಉತ್ತರ ಯಾವುದೋ ವಾರಾಂತ್ಯದ ಸರ್ಟಿಫಿಕೇಟ್. ಉಸಿರಾಟದ ಒಂದು ಅಭ್ಯಾಸ ಹೇಳಿಕೊಟ್ಟರು, ಅದು ಚೆನ್ನಾಗಿತ್ತು. ಬಿಟ್ಟ ಉಸಿರು ತೆಗೆದುಕೊಂಡದ್ದಕ್ಕಿಂತ ಉದ್ದ ಇರಬೇಕು, ಅಷ್ಟೇ. ಅದನ್ನು ಹೇಳಲು ಐದು ನಿಮಿಷ ಸಾಕಲ್ವಾ. ಇಡ್ಲಿ ಕೊಟ್ಟು ಚಟ್ನಿಗೆ ಬೇರೆ ಬಿಲ್ ಹಾಕಿದ ಹಾಗೆ ಇದು. ಕೋರ್ಟಿನ ಮೇಲೆ ಹೇಗೂ ಕಲಿಸುತ್ತಿರುವುದನ್ನೇ ಬೇರೆ ಹೆಸರಿಟ್ಟು ಮತ್ತೊಮ್ಮೆ ಮಾರುತ್ತಿದ್ದಾರೆ.

ಕೋರ್ಟಿನ ಮೇಲೆ ನಿಜವಾಗಿಯೂ ಕಲಿಸುತ್ತಾರೆ, ಅದಕ್ಕೇ ಈ ಕ್ಲಾಸನ್ನು ನಾವಿನ್ನೂ ಬಿಟ್ಟಿಲ್ಲ.

ಟೆನ್ನಿಸ್ ಮನಸ್ಸಿಗೆ ಯಾಕೆ ಇಷ್ಟು ಕಾಟ ಕೊಡುತ್ತದೆ ಅನ್ನುವುದು ಆಡದವರಿಗೆ ಬೇಗ ಹೊಳೆಯುವುದಿಲ್ಲ. ಕಬಡ್ಡಿಯಲ್ಲಿ ಮುಂದಿದ್ದರೆ ಸಮಯ ಮುಗಿಯುವ ತನಕ ಹೇಗೋ ತಳ್ಳಬಹುದು. ಇಲ್ಲಿ ಗಡಿಯಾರವೇ ಇಲ್ಲ. 5-1 ಮುಂದಿದ್ದರೂ ಕೊನೆಯ ಪಾಯಿಂಟನ್ನು ನೀವೇ ಗೆಲ್ಲಬೇಕು. 2019ರ ವಿಂಬಲ್ಡನ್ ಫೈನಲ್ ನೆನಪಿದೆಯಾ? ಐದನೇ ಸೆಟ್, 8-7, ಫೆಡರರ್ ಸರ್ವ್, 40-15. ಕೈಯಲ್ಲಿ ಎರಡು ಚಾಂಪಿಯನ್‌ಶಿಪ್ ಪಾಯಿಂಟ್. ಒಂದು ಗೆದ್ದಿದ್ದರೂ ಕಪ್ ಅವರದು. ಎರಡೂ ಹೋದವು. ಕೊನೆಗೆ 13-12ಕ್ಕೆ ಜೊಕೊವಿಚ್ ಗೆದ್ದರು. ಆ ಮ್ಯಾಚಿನಲ್ಲಿ ಒಟ್ಟು ಪಾಯಿಂಟ್ ಲೆಕ್ಕ ಹಾಕಿದರೆ ಫೆಡರರ್ 218, ಜೊಕೊವಿಚ್ 204. ಜಾಸ್ತಿ ಪಾಯಿಂಟ್ ಗೆದ್ದವರು ಸೋತರು! ಇದೇ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಇನ್ನೊಂದು ಲೆಕ್ಕ ಹೇಳಿದರು. ಆಡಿದ ಸಿಂಗಲ್ಸ್ ಮ್ಯಾಚ್ 1,526, ಗೆದ್ದದ್ದು ಹತ್ತಿರ ಹತ್ತಿರ ಶೇಕಡಾ 80, ಆದರೆ ಗೆದ್ದ ಪಾಯಿಂಟ್ ಶೇಕಡಾ 54 ಮಾತ್ರ. ಅಂಥವರೇ ಹೆಚ್ಚುಕಮ್ಮಿ ಪ್ರತಿ ಎರಡನೇ ಪಾಯಿಂಟ್ ಸೋತಿದ್ದಾರೆ ಅಂದಮೇಲೆ ಒಂದು ಬ್ಯಾಕ್‌ಹ್ಯಾಂಡ್ ನೆಟ್ಟಿಗೆ ಬಿದ್ದದ್ದಕ್ಕೆ ನಾವು ಮುಖ ಸಣ್ಣ ಮಾಡಿಕೊಂಡು ಓಡಾಡುವುದರಲ್ಲಿ ಅರ್ಥ ಇಲ್ಲ. ನಮ್ಮ ಹೆಡ್ ಕೋಚ್ ಸರ್ ಈ ಲೆಕ್ಕವನ್ನು ಗೋಡೆಗೆ ಅಂಟಿಸಿಲ್ಲ, ಭಾಷಣವನ್ನೂ ಮಾಡುವುದಿಲ್ಲ. ಪಾಯಿಂಟ್ ಮುಗಿದ ಕೂಡಲೇ ‘ಪುಢಚಾ ಬಾಲ್’ ಅಂತ ಮರಾಠಿಯಲ್ಲಿ ಕೂಗುತ್ತಾರೆ, ಅಂದರೆ ಮುಂದಿನ ಬಾಲ್. ಒಳ್ಳೆಯ ಹೊಡೆತಕ್ಕೂ ಅದೇ, ಕೆಟ್ಟದ್ದಕ್ಕೂ ಅದೇ.

ಅವರ ಮುಖ್ಯ ಪಾಠ ಪಾಯಿಂಟ್ ಮತ್ತು ಪಾಯಿಂಟ್ ನಡುವಿನ ಸಮಯದ್ದು. ಮ್ಯಾಚಿನ ಹೆಚ್ಚಿನ ಹೊತ್ತು ಬಾಲ್ ಆಟದಲ್ಲಿ ಇರುವುದೇ ಇಲ್ಲ. ನಡೆಯುತ್ತೇವೆ, ಒರೆಸಿಕೊಳ್ಳುತ್ತೇವೆ, ಯೋಚಿಸುತ್ತೇವೆ. ತಲೆ ಕೆಡುವುದು ಆಗಲೇ. ನಿಯಮದ ಪ್ರಕಾರ ಒಂದು ಪಾಯಿಂಟ್ ಮುಗಿದು ಮುಂದಿನ ಸರ್ವ್ ಹೊಡೆಯಲು 25 ಸೆಕೆಂಡ್, ಸೈಡ್ ಬದಲಿಸುವಾಗ 90 ಸೆಕೆಂಡ್. ಸರ್ ನಮಗೆ ಆ 25 ಸೆಕೆಂಡನ್ನೇ ಡ್ರಿಲ್ ಮಾಡಿಸುತ್ತಾರೆ, ಬಾಲ್ ಇಲ್ಲದೆ. ಪಾಯಿಂಟ್ ಮುಗಿದ ತಕ್ಷಣ ನೆಟ್ಟಿಗೆ ಬೆನ್ನು ತಿರುಗಿಸು. ರಾಕೆಟ್ಟನ್ನು ಇನ್ನೊಂದು ಕೈಗೆ ಕೊಡು, ಹೊಡೆಯುವ ಕೈ ಸಡಿಲ ಬಿಡು. ರಾಕೆಟ್ಟಿನ ತಂತಿ ನೋಡು, ಎದುರಾಳಿಯ ಮುಖ ನೋಡಬೇಡ, ಬೇಲಿಯ ಆಚೆ ನಿಂತ ಅಮ್ಮನನ್ನಂತೂ ನೋಡಲೇಬೇಡ. ಒಂದು ಉದ್ದ ಉಸಿರು. ಸರ್ವ್ ಎಲ್ಲಿಗೆ ಅಂತ ತೀರ್ಮಾನ. ಬಾಲ್ ಪುಟಿಸುವುದು ಪ್ರತಿ ಸಲವೂ ಅಷ್ಟೇ ಸಲ. ಮೊದಮೊದಲು ನಾಟಕ ಅನ್ನಿಸುತ್ತದೆ. ಅಮೆರಿಕದ ಸೈಕಾಲಜಿಸ್ಟ್ ಜಿಮ್ ಲೋಹ್ರ್ ದೊಡ್ಡ ಆಟಗಾರರನ್ನು ಗಮನಿಸಿ ಪಾಯಿಂಟುಗಳ ನಡುವಿನ ಹೊತ್ತಿಗೆ ಹತ್ತಿರ ಹತ್ತಿರ ಇದೇ ಥರ ನಾಲ್ಕು ಹಂತ ಮಾಡಿಕೊಟ್ಟಿದ್ದಾರೆ, ಹುಡುಕಿದರೆ ಸಿಗುತ್ತದೆ. ನಮ್ಮ ಸರ್ ಆ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ. ಎತ್ತಬೇಕಾಗೂ ಇಲ್ಲ ಬಿಡಿ.

ಇನ್ನೊಂದು ವಿಷಯದಲ್ಲಿ ಇವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಹೆದರಿಕೆಯನ್ನು ಇವರು ಬರೀ ಮನಸ್ಸಿನ ಕಾಯಿಲೆ ಅನ್ನುವ ಥರ ನೋಡುವುದಿಲ್ಲ, ಕೈಕಾಲಿನಲ್ಲಿ ಹುಡುಕುತ್ತಾರೆ. ಟೆನ್ಷನ್ ಆದಾಗ ಹಿಡಿತ ಬಿಗಿಯಾಗುತ್ತದೆ, ಸರ್ವ್‌ಗೆ ಎಸೆಯುವ ಬಾಲ್ ಸರಿಯಾಗಿ ಮೇಲಕ್ಕೆ ಹೋಗುವುದಿಲ್ಲ, ಕೈ ನಿಧಾನವಾಗಿ ಬಾಲನ್ನು ಬಾಕ್ಸಿನೊಳಗೆ ಸುಮ್ನೆ ತಳ್ಳಲು ನೋಡುತ್ತದೆ. ಫಲ, ಡಬಲ್ ಫಾಲ್ಟ್, ಅಂದರೆ ಸಿಗುವ ಎರಡೂ ಸರ್ವ್ ತಪ್ಪಿ ಪಾಯಿಂಟ್ ಎದುರಾಳಿಗೆ. 1993ರ ವಿಂಬಲ್ಡನ್ ಫೈನಲ್‌ನಲ್ಲಿ ಯಾನಾ ನೊವೊಟ್ನಾ ಮೂರನೇ ಸೆಟ್ಟಿನಲ್ಲಿ 4-1 ಮುಂದಿದ್ದು, 40-30ರಲ್ಲಿ ಡಬಲ್ ಫಾಲ್ಟ್ ಮಾಡಿದ ಮೇಲೆ ಆಟವೇ ತಿರುಗಿ ಸ್ಟೆಫಿ ಗ್ರಾಫ್ ಗೆದ್ದದ್ದು ಈಗಲೂ ಎಲ್ಲರೂ ಕೊಡುವ ಉದಾಹರಣೆ. (ಅದೇ ನೊವೊಟ್ನಾ 1998ರಲ್ಲಿ ವಿಂಬಲ್ಡನ್ ಗೆದ್ದರು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.) ಇಂಥ ಜಾಗದಲ್ಲಿ ‘ಪಾಸಿಟಿವ್ ಆಗಿರು’ ಅಂದರೆ ಏನು ಪ್ರಯೋಜನ? ಸರ್ ಹೇಳುವುದು, ಸೆಕೆಂಡ್ ಸರ್ವ್‌ನಲ್ಲೂ ಕೈ ಪೂರ್ತಿ ವೇಗದಲ್ಲೇ ಹೋಗಲಿ, ಆದರೆ ಬಾಲಿಗೆ ಸ್ಪಿನ್ ಕೊಡು. ಸ್ಪಿನ್ ಇದ್ದರೆ ಬಾಲ್ ನೆಟ್ಟಿನ ಮೇಲೆ ಎತ್ತರದಲ್ಲಿ ದಾಟಿ ಕೆಳಗೆ ಬಾಗುತ್ತದೆ, ಜೋರಾಗಿ ಹೊಡೆದರೂ ಒಳಗೆ ಬೀಳುತ್ತದೆ. ನೆಟ್ ಕಂಬದ ಹತ್ತಿರ ಮೂರೂವರೆ ಅಡಿ, ನಡುವೆ ಮೂರೇ ಅಡಿ, ಹಾಗಾಗಿ ಕಷ್ಟದ ಹೊತ್ತಿನಲ್ಲಿ ನಡುವಿನ ಗೆರೆಯ ಕಡೆಗೆ ಹೊಡೆ. ಇದನ್ನು ಕಲಿಯಲು ತಿಂಗಳುಗಟ್ಟಲೆ ಬೇಕು, ಭುಜ ನೋಯುತ್ತದೆ, ಬೇಸರ ಬರುತ್ತದೆ. ಆದರೆ ನಂಬಬಹುದಾದ ಸೆಕೆಂಡ್ ಸರ್ವ್ ಒಂದು ಕೈಗೆ ಹತ್ತಿದ ಮೇಲೆ ನಮ್ಮ ಬ್ಯಾಚಿನಲ್ಲಿ ಎಷ್ಟೋ ಜನರ ‘ಮನಸ್ಸಿನ ಸಮಸ್ಯೆ’ ಹೇಳದೆ ಕೇಳದೆ ಹೋಯಿತು. ನನ್ನದೂ ಸೇರಿ.

ಶನಿವಾರದ ಟೈಬ್ರೇಕ್ ಬೆಳಗ್ಗೆ ಅಂತ ಒಂದಿದೆ. ಯಾರಿಗೂ ಪೂರ್ತಿ ಸೆಟ್ ಇಲ್ಲ. ಬರೀ ಟೈಬ್ರೇಕ್, ಅಂದರೆ ಸೆಟ್ ಸಮ ಆದಾಗ ತೀರ್ಮಾನಕ್ಕೆ ಆಡುವ ಆಟ, ಏಳು ಪಾಯಿಂಟ್ ಮೊದಲು ಮುಟ್ಟಬೇಕು, ಎರಡರ ಅಂತರ ಬೇಕು. ಗೆದ್ದವರು ಮೇಲಿನ ಕೋರ್ಟಿಗೆ, ಸೋತವರು ಕೆಳಗಿನ ಕೋರ್ಟಿಗೆ. ಕೆಲವು ಸಲ 2-5 ಹಿಂದಿನಿಂದ ಶುರು ಮಾಡಿಸುತ್ತಾರೆ, ಕೆಲವು ಸಲ ಒಂದೇ ಸರ್ವ್, ಸೆಕೆಂಡ್ ಸರ್ವ್ ಇಲ್ಲ. ಹಿಂದಿನಿಂದ ಶುರು ಮಾಡುವವರು ಹಾಯಾಗಿ ಆಡುತ್ತಾರೆ, 5-2 ಮುಂದಿರುವವರ ಕೈ ನಡುಗುತ್ತದೆ. ಇದನ್ನು ಪದೇ ಪದೇ ಕಂಡಿದ್ದೇನೆ. ಒಮ್ಮೆ ಸರ್ ಬೇಕಂತಲೇ ಅಂಪೈರ್ ಆಗಿ ನಿಂತು ಗೆರೆಯ ಮೇಲೆ ಬಿದ್ದ ಬಾಲನ್ನು ಔಟ್ ಅಂದರು. ಐಟಿ ಕಂಪನಿಯ ದೊಡ್ಡ ಮ್ಯಾನೇಜರ್ ಒಬ್ಬರು ಹತ್ತು ನಿಮಿಷ ವಾದ ಮಾಡಿ ಮುಂದಿನ ನಾಲ್ಕು ಪಾಯಿಂಟ್ ಸಾಲಾಗಿ ಕಳೆದುಕೊಂಡರು. ಆಮೇಲೆ ಸರ್ ಕೇಳಿದ್ದು ಒಂದೇ ಪ್ರಶ್ನೆ, ಆ ಒಂದು ಪಾಯಿಂಟಿಗೆ ನೀವು ಎಷ್ಟು ಪಾಯಿಂಟ್ ಕೊಟ್ಟಿರಿ ಅಂತ.

ಜೂನಿಯರ್ ಮಕ್ಕಳಿಗೆ ಈ ಅಭ್ಯಾಸ ಎಷ್ಟು ಬೇಕು ಅನ್ನುವುದು ಟೂರ್ನಮೆಂಟಿಗೆ ಹೋದಾಗಲೇ ಗೊತ್ತಾಗುವುದು. ಹನ್ನೆರಡರ ಒಳಗಿನ, ಹದಿನಾಲ್ಕರ ಒಳಗಿನ ಮ್ಯಾಚುಗಳಲ್ಲಿ ಹೆಚ್ಚಾಗಿ ಪ್ರತಿ ಕೋರ್ಟಿಗೂ ಅಂಪೈರ್ ಇರುವುದಿಲ್ಲ. ತಮ್ಮ ಕಡೆಯ ಗೆರೆಗಳನ್ನು ಮಕ್ಕಳೇ ಕಾಲ್ ಮಾಡಬೇಕು, ಸ್ಕೋರ್ ತಾವೇ ಜೋರಾಗಿ ಹೇಳಬೇಕು. ಅನುಮಾನ ಇದ್ದರೆ ಬಾಲ್ ಒಳಗೇ, ಅಂದರೆ ಲಾಭ ಎದುರಾಳಿಗೆ. ಹನ್ನೊಂದು ವರ್ಷದ ಮಗುವಿಗೆ ಇದು ಎಂಥ ಪರೀಕ್ಷೆ ಯೋಚಿಸಿ! ಹೊರಗೆ ಅಪ್ಪ ಅಮ್ಮ ಹಲ್ಲು ಕಚ್ಚಿಕೊಂಡು ನಿಂತಿರುತ್ತಾರೆ. ನನ್ನ ಮಗಳ ಒಂದು ಮ್ಯಾಚಿನಲ್ಲಿ ಎದುರಿನ ಹುಡುಗಿ ಅನುಮಾನದ ಕಾಲ್‌ಗಳನ್ನು ಒಂದರ ಮೇಲೊಂದು ಕೊಟ್ಟಳು. ಮೊದಲಾಗಿದ್ದರೆ ಇವಳು ಅಳುತ್ತಿದ್ದಳು. ಈ ಸಲ ನೆಟ್ ಹತ್ತಿರ ಹೋಗಿ, ನಿನಗೆ ಖಾತ್ರಿ ಇದೆಯಾ ಅಂತ ಕೇಳಿದಳು, ರೆಫರಿಯನ್ನು ಕರೆಸಿದಳು, ಬೆನ್ನು ತಿರುಗಿಸಿ ತಂತಿ ನೋಡಿದಳು, ಆಡಿದಳು. ಮ್ಯಾಚ್ ಸೋತಳು. ಮನೆಗೆ ಬರುವಾಗ ಕಾರಿನಲ್ಲಿ ತನ್ನ ಬ್ಯಾಕ್‌ಹ್ಯಾಂಡ್ ರಿಟರ್ನ್ ಬಗ್ಗೆ ಮಾತಾಡಿದಳು, ಆ ಹುಡುಗಿಯ ಬಗ್ಗೆ ಅಲ್ಲ. ಆ ತಿಂಗಳ ಫೀಸು ನನಗೆ ವಸೂಲಾಯಿತು.

ನಮ್ಮ ಮಾರ್ಕರ್, ಅಂದರೆ ಎದುರು ನಿಂತು ಆಡಿ ಅಭ್ಯಾಸ ಮಾಡಿಸುವವನ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಪೂರ್ತಿ ಆಗುವುದಿಲ್ಲ. ಅಕ್ಕಲಕೋಟೆ ಕಡೆಯ ಹುಡುಗ, ಮನೆಮಾತು ಕನ್ನಡ. ಕೋರ್ಟಿನಲ್ಲಿ ಎಲ್ಲರ ಜೊತೆ ಮರಾಠಿ, ನಮ್ಮ ಜೊತೆ ಮಾತ್ರ ಊರಿನ ಮಾತು. ನಾನು ಸುಲಭದ ವಾಲಿಯನ್ನು ಬೇಲಿಗೆ ಹೊಡೆದು ನಿಂತರೆ ‘ಹೋದ ಬಾಲ್ ಹೋತು ಬಿಡ್ರಿ ಅಕ್ಕಾರ, ಈಗಿಂದ ನೋಡ್ರಿ’ ಅನ್ನುತ್ತಾನೆ. ಮಗಳು ತಲೆ ತಗ್ಗಿಸಿಕೊಂಡು ನಡೆದರೆ ‘ಏ ತಂಗಿ, ಮಾರಿ ಮ್ಯಾಲೆತ್ತು, ನೆಲ ನೋಡಿದ್ರ ಎದುರಿನಾಕಿಗೆ ಗೊತ್ತಾಕ್ಕೈತಿ’ ಅಂತ ಎಚ್ಚರಿಸುತ್ತಾನೆ. ಭಾನುವಾರದ ಪ್ರೊಜೆಕ್ಟರ್ ಕ್ಲಾಸಿನಲ್ಲಿ ಬಾಡಿ ಲಾಂಗ್ವೇಜ್ ಅಂತ ಇಪ್ಪತ್ತು ಸ್ಲೈಡಿನಲ್ಲಿ ಹೇಳಿದ್ದು ಇದನ್ನೇ. ಅವನ ಜೊತೆ ಒಂದು ಗಂಟೆ ಬುಕ್ ಮಾಡಿದರೆ ಕೋಚ್ ಫೀಸಿನ ಅರ್ಧವೂ ಆಗುವುದಿಲ್ಲ. ಬಾಲ್ ಬಿಡುವುದೇ ಇಲ್ಲ ಅವನು, ಎಲ್ಲವನ್ನೂ ವಾಪಸ್ ಕಳಿಸುತ್ತಾನೆ. ತಾಳ್ಮೆ ಕಲಿಯಬೇಕು ಅನ್ನುವವರು ಇವನ ಎದುರು ಒಂದು ಸೆಟ್ ಆಡಬೇಕು. ಬೆಳಗಿನ ಸ್ಲಾಟ್ ಬೇಗ ತುಂಬುತ್ತದೆ, ಎರಡು ದಿನ ಮೊದಲೇ ಹೇಳಿಡಿ.

ಗೋಡೆಯ ಮೇಲೆ ನಡಾಲ್ ಫೋಟೋ ಹಾಕಿದವರಿಗೆ ನನ್ನದೊಂದು ತಕರಾರು. ಇಲ್ಲೇ ಹತ್ತಿರದ ಬಾಲೇವಾಡಿ ಸ್ಟೇಡಿಯಮ್ಮಿನಲ್ಲಿ 2018ರಿಂದ 2023ರ ತನಕ, ಒಂದು ವರ್ಷ ಬಿಟ್ಟು, ಮಹಾರಾಷ್ಟ್ರ ಓಪನ್ ನಡೆಯಿತು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅಲ್ಲಿ ಎರಡು ಸಲ ಡಬಲ್ಸ್ ಗೆದ್ದರು, 2019ರಲ್ಲಿ ದಿವಿಜ್ ಶರಣ್ ಜೊತೆ, 2022ರಲ್ಲಿ ರಾಮ್‌ಕುಮಾರ್ ರಾಮನಾಥನ್ ಜೊತೆ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿ ನೋವಿನ ಮಾತ್ರೆ ನುಂಗಿಕೊಂಡು ಆಡುತ್ತಿದ್ದವರು, ಅಯ್ಯಂಗಾರ್ ಯೋಗ ಹಿಡಿದು ಚೇತರಿಸಿಕೊಂಡು, 2024ರಲ್ಲಿ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ನಂಬರ್ ಒನ್ ಆದರು. ಆ ಯೋಗ ಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಕಡೆಯ ಬೆಳ್ಳೂರಿನವರು, 1937ರಲ್ಲಿ ಪುಣೆಗೆ ಬಂದು ಇಲ್ಲೇ ನೆಲೆಸಿದವರು. ಮನಸ್ಸು ಗಟ್ಟಿ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ? ಹಾಗೆಯೇ 2019ರ ಬಾಲೇವಾಡಿ ಸಿಂಗಲ್ಸ್ ಫೈನಲ್, ಆಂಡರ್ಸನ್ ಮತ್ತು ಕಾರ್ಲೊವಿಚ್ ನಡುವಿನದು, ಮೂರೂ ಸೆಟ್ ಟೈಬ್ರೇಕ್‌ಗೆ ಹೋಗಿತ್ತು. ಶನಿವಾರದ ಮಕ್ಕಳಿಗೆ ತೋರಿಸಲು ಅದೇ ಸಾಕು.

ಈಗ ಬೈಗುಳ. ಸಂಜೆಯ ಜೂನಿಯರ್ ಬ್ಯಾಚಿನಲ್ಲಿ ಒಂದು ಕೋರ್ಟಿಗೆ ತುಂಬಾ ಮಕ್ಕಳು. ಸಾಲಿನಲ್ಲಿ ನಿಲ್ಲುವುದೇ ಜಾಸ್ತಿ, ಹೊಡೆಯುವುದು ಕಮ್ಮಿ. ಹೆಡ್ ಸರ್ ಇಲ್ಲದ ದಿನ ಒಬ್ಬ ಸಹಾಯಕ ಕೋಚ್ ನೋಡಿಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಗಟ್ಟಿತನ ಅಂದರೆ ಬೈಯುವುದು. ತಪ್ಪು ಮಾಡಿದರೆ ಕೋರ್ಟ್ ಸುತ್ತ ಓಡು, ಅತ್ತರೆ ಇನ್ನೂ ಎರಡು ಸುತ್ತು. ಒಬ್ಬ ಪುಟ್ಟ ಹುಡುಗನಿಗೆ ಎಲ್ಲರೆದುರು ‘ಹೆದರುಪುಕ್ಕಲ’ ಅಂದದ್ದನ್ನು ನಾನೇ ಕೇಳಿದೆ. ಅವನು ಮುಂದಿನ ವಾರದಿಂದ ಬರಲಿಲ್ಲ. ಆಫೀಸಿನಲ್ಲಿ ದೂರು ಕೊಟ್ಟಾಗ ‘ಇದೂ ಮೆಂಟಲ್ ಟಫ್‌ನೆಸ್ ಮೇಡಂ’ ಅಂತ ನಕ್ಕರು. ಅಲ್ಲ ಸ್ವಾಮಿ. 2021ರಲ್ಲಿ ನವೋಮಿ ಒಸಾಕಾ ಮನಸ್ಸಿನ ಆರೋಗ್ಯದ ಕಾರಣ ಹೇಳಿ ಫ್ರೆಂಚ್ ಓಪನ್ ನಡುವೆ ಹಿಂದೆ ಸರಿದರು. ಈಗಾ ಶ್ವಿಯಾಂಟೆಕ್ ಜೊತೆ ಸೈಕಾಲಜಿಸ್ಟ್ ಒಬ್ಬರು ಟೀಮಿನ ಭಾಗವಾಗಿ ಊರೂರು ಸುತ್ತಿದ್ದಾರೆ. ಲೋಕದ ದೊಡ್ಡ ಆಟಗಾರರಿಗೇ ಇದು ಕೂತು ಮಾತಾಡುವ ವಿಷಯ, ಇವರಿಗೆ ಓಡಿಸುವ ವಿಷಯ. ಹೆಡ್ ಸರ್‌ಗೆ ನೇರವಾಗಿ ಹೇಳಿದ ಮೇಲೆ ಓಡಿಸುವುದು ನಿಂತಿದೆ, ದನಿ ಇನ್ನೂ ಇಳಿದಿಲ್ಲ. ನಿಮ್ಮ ಮಗು ಮೃದು ಸ್ವಭಾವದ್ದಾದರೆ ಹೆಡ್ ಸರ್ ಇರುವ ದಿನಗಳ ಬ್ಯಾಚನ್ನೇ ಕೇಳಿ ಹಾಕಿಸಿ.

ಬೇಲಿಯ ಹೊರಗಿನ ಅಪ್ಪ ಅಮ್ಮಂದಿರನ್ನು ಕ್ಲಾಸಿನವರು ಯಾಕೆ ಸುಮ್ಮನೆ ಬಿಡುತ್ತಾರೋ ಗೊತ್ತಿಲ್ಲ. ಪ್ರತಿ ಪಾಯಿಂಟಿಗೂ ಗ್ರಿಪ್ ಬದಲಿಸು, ಮುಂದೆ ಹೋಗು ಅನ್ನುವ ಒಬ್ಬ ಅಪ್ಪ ಇದ್ದಾರೆ. ಅವರ ಮಗ ಪ್ರತಿ ಹೊಡೆತದ ನಂತರ ಬೇಲಿಯ ಕಡೆ ನೋಡುತ್ತಾನೆ. ನಿಜಕ್ಕೂ ಭಾನುವಾರದ ಹಾಲ್‌ನಲ್ಲಿ ಕೂರಿಸಬೇಕಾದದ್ದು ಇಂಥವರನ್ನು.

ಮಳೆಗಾಲದ ವಿಷಯ ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಪುಣೆಯ ಮಳೆಯಲ್ಲಿ ಹೊರಗಿನ ಕೋರ್ಟ್ ವಾರದಲ್ಲಿ ಎಷ್ಟು ದಿನ ಒಣಗಿರುತ್ತದೆ ಅನ್ನುವುದು ದೇವರಿಗೇ ಗೊತ್ತು. ಕ್ಲಾಸ್ ರದ್ದಾದರೆ ‘ಅಡ್ಜಸ್ಟ್ ಮಾಡೋಣ’ ಅಂತಾರೆ. ಅಡ್ಜಸ್ಟ್ ಅಂದರೆ ಅದೇ ಹಾಲ್, ಅದೇ ಪ್ರೊಜೆಕ್ಟರ್. ಟೆನ್ನಿಸ್ ಕ್ಲಾಸಿನ ಬದಲಿಗೆ ಟೆನ್ನಿಸ್ ಕ್ಲಾಸೇ ಬೇಕು ಅಂತ ಹಠ ಹಿಡಿದವರಿಗೆ ಅಕ್ಟೋಬರ್‌ನಲ್ಲಿ ಹೆಚ್ಚುವರಿ ದಿನ ಸಿಕ್ಕಿದೆ, ಸುಮ್ಮನಿದ್ದವರಿಗೆ ಇಲ್ಲ. ಆಪ್‌ನ ಚಂದಾ ಕೂಡ ತಾನಾಗಿಯೇ ಮುಂದುವರಿಯುತ್ತದೆ, ನೀವೇ ಹೋಗಿ ನಿಲ್ಲಿಸಬೇಕು.

ಕೋರ್ಟಿನ ಗಟ್ಟಿತನ ಕೋರ್ಟಿನ ಹೊರಗೂ ಬರುತ್ತಾ ಅಂತ ಬಹಳ ಜನ ಕೇಳುತ್ತಾರೆ. ಬ್ರೋಷರ್ ಪ್ರಕಾರ ಪರೀಕ್ಷೆ, ಇಂಟರ್‌ವ್ಯೂ, ಜೀವನ ಎಲ್ಲಕ್ಕೂ ಬರುತ್ತದೆ. ನನ್ನ ಅನುಭವದಲ್ಲಿ ಅಷ್ಟೆಲ್ಲ ಇಲ್ಲ. ಮೀಟಿಂಗಿನಲ್ಲಿ ಯಾರಾದರೂ ಕೆಣಕಿದಾಗ ಒಂದು ಉಸಿರು ಬಿಟ್ಟು ಮಾತಾಡುವುದು ರೂಢಿಯಾಗಿದೆ, ಅದು ನಿಜ. ಹಿಂಜವಡಿ ಟ್ರಾಫಿಕ್ಕಿನಲ್ಲಿ ಮಾತ್ರ ಯಾವ ಉಸಿರೂ ಕೆಲಸ ಮಾಡಿಲ್ಲ.

ಒಟ್ಟು ಐದಕ್ಕೆ ಮೂರೂವರೆ. ದೊಡ್ಡವರ ಬೆಳಗಿನ ಬ್ಯಾಚಿಗೆ ನಾಲ್ಕೂವರೆ ಕೊಡಬಹುದು, ಪ್ಯಾಕೇಜಿಗೆ ಒಂದು. ಸೇರುವವರು ಮೂರು ತಿಂಗಳದ್ದು ಒಟ್ಟಿಗೆ ಕಟ್ಟಬೇಡಿ, ರಿಯಾಯಿತಿ ತೋರಿಸಿ ಒತ್ತಾಯ ಮಾಡುತ್ತಾರೆ. ಮಳೆಗಾಲದ ರದ್ದಾದ ಕ್ಲಾಸಿನ ಲೆಕ್ಕ ಬರಹದಲ್ಲಿ ಕೇಳಿ. ಟ್ರಯಲ್‌ಗೆ ವಾರದ ನಡುವೆ ಹೋದರೆ ಬರೀ ಫೀಡಿಂಗ್ ನೋಡಿ ಬರುತ್ತೀರಿ. ಶನಿವಾರ ಬೆಳಗ್ಗೆ ಹೋಗಿ, ಟೈಬ್ರೇಕ್ ನಡೆಯುವಾಗ ಹೊರಗಿನ ಬೆಂಚಿನಲ್ಲಿ ಕೂರಲು ಯಾರೂ ಬೇಡ ಅನ್ನುವುದಿಲ್ಲ.